ಹವಳಕ್ಕೆ ಹಾಕಿದ ನೆರಳು

"ಕೈ ತೆಗೀರಿ ಅತ್ತಿಗೆ! ಅದು ನಿಮ್ಮ ಅಡುಗೆಮನೆ ಕಿಟಕಿ ಅಲ್ಲ, ಬಟ್ಟೆ ತಗೊಂಡು ಉಜ್ಜೋದಕ್ಕೆ!"

"ಕಿಟಕಿ ಆಗಿದ್ರೆ ನಿನ್ನ ಕೈಲೇ ಉಜ್ಜಿಸ್ತಿದ್ದೆ. ಸರಿ ಆಚೆ."

"ಮುಟ್ಟಿದ್ರೆ ಮೂರು ವಾರದ ದಾಖಲೆ ಹಾಳು. ನಾಡಿದ್ದು ವರದಿ ಕಳಿಸ್ಬೇಕು ನಾನು."

"ಹವಳ ಸತ್ತ ಮೇಲೆ ವರದಿಗೆ ಉಪ್ಪು ಹಾಕ್ಕೊಂಡು ನೆಕ್ತೀಯಾ?"

ಸಮುದ್ರ ಸಂಶೋಧನಾ ಕೇಂದ್ರದ ತೊಟ್ಟಿಗಳ ಕೋಣೆಯಲ್ಲಿ ಬೆಳಗಿನ ಹತ್ತು ಗಂಟೆಗೆ ಅತ್ತಿಗೆ, ಮೈದುನ ಎದುರುಬದುರಾಗಿ ನಿಂತಿದ್ದರು. ಮೈದುನ ವಿಜ್ಞಾನಿ, ಕೇಂದ್ರದ ಮುಖ್ಯಸ್ಥ. ಅತ್ತಿಗೆ ಹಳ್ಳಿಶಾಲೆಯಲ್ಲಿ ಏಳನೇ ತರಗತಿವರೆಗೆ ಓದಿ, ಹದಿನೇಳು ವರ್ಷದಿಂದ ತೊಟ್ಟಿ ನೋಡಿಕೊಳ್ಳುತ್ತಿರುವವಳು. ಎಲ್ಲರೂ ಅವಳನ್ನು ತೊಟ್ಟಿಯಕ್ಕ ಎನ್ನುತ್ತಿದ್ದರು, ಬೆನ್ನ ಹಿಂದೆ ಸಿಡಿಗುಂಡು ಎನ್ನುತ್ತಿದ್ದರು. ಎರಡೂ ಅವಳಿಗೆ ಗೊತ್ತಿತ್ತು, ಎರಡಕ್ಕೂ ತಕರಾರಿರಲಿಲ್ಲ.

ಜಗಳ ಇದ್ದದ್ದು ಮೂರನೇ ತೊಟ್ಟಿಯ ಮೇಲೆ. ಅದರಲ್ಲಿ ನಲವತ್ತು ಹವಳದ ತುಂಡುಗಳಿದ್ದವು. ಬಂದರಿನ ಹೂಳೆತ್ತುವವರು ಕಡಲ ಇಳಿಜಾರನ್ನೆಲ್ಲ ಕೆಸರಿನಲ್ಲಿ ಮುಚ್ಚುವ ಮುನ್ನ ಅವಳ ಗಂಡ ಆಳಕ್ಕೆ ಮುಳುಗಿ ಅವನ್ನು ತಂದಿದ್ದ. ಕೊನೆಯ ಮುಳುಗಿನಲ್ಲಿ ಅವನ ಬಲಗಿವಿಯ ತಮಟೆ ಹರಿದುಹೋಗಿತ್ತು. ಕೆಸರು ತಿಳಿಯಾದ ಮೇಲೆ ಅವನ್ನೇ ಮತ್ತೆ ಕಡಲಲ್ಲಿ ನೆಡಬೇಕು. ಆ ಜಾತಿ ಬೇರೆಲ್ಲೂ ಉಳಿದಿರಲಿಲ್ಲ. ಇವು ಸತ್ತರೆ ಅಲ್ಲಿಗೆ ಮುಗಿಯಿತು.

ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬೆಳಕಿನಿಂದ ಅನ್ನ ಮಾಡಿ ಹವಳಕ್ಕೆ ಉಣಿಸುವುದು ಅದೇ. ಆಳದಲ್ಲಿ ಬೆಳಕು ಕಡಿಮೆ. ಆದ್ದರಿಂದ ಅಲ್ಲಿನ ಪಾಚಿ ಸಿಕ್ಕಷ್ಟನ್ನೂ ಬಾಚಿಕೊಳ್ಳಲು ಬಣ್ಣ ತುಂಬಿಕೊಂಡು ಕಡುಕಂದಾಗಿರುತ್ತದೆ. ಅಂಥದ್ದನ್ನು ಜೋರು ಬೆಳಕಿಗಿಟ್ಟರೆ ಪಾಚಿ ಉಸಿರುಕಟ್ಟಿ ವಿಷ ಕಾರುತ್ತದೆ, ಹವಳ ಅದನ್ನು ಹೊರಗೆ ದಬ್ಬಿ ಬೆಳ್ಳಗಾಗುತ್ತದೆ, ಆಮೇಲೆ ಹಸಿದು ಸಾಯುತ್ತದೆ. ನಿಧಾನವಾಗಿ ಏರಿಸಿದರೆ ಒಗ್ಗಿಕೊಳ್ಳುತ್ತದೆ. ತೊಟ್ಟಿಯಕ್ಕ ಅದನ್ನು ತನ್ನದೇ ರೀತಿಯಲ್ಲಿ ಮಾಡುತ್ತಿದ್ದಳು. ತೊಟ್ಟಿಯ ಮೇಲೆ ಐದು ಪದರ ಕಪ್ಪು ಬಲೆ, ಹತ್ತು ದಿನಕ್ಕೊಂದು ಪದರ ತೆಗೆಯುವುದು.

ಆಮೇಲೆ ಯಂತ್ರ ಬಂತು. ತೊಟ್ಟಿಯ ತಳದಲ್ಲಿ ಗೋಲಿಯಷ್ಟು ದೊಡ್ಡ ಬಿಳಿ ಕಣ್ಣು. ಅದು ನೀರಿನೊಳಗಿನ ಬೆಳಕನ್ನು ಅಳೆದು, ಅಳತೆ ಎಂಬತ್ತರಲ್ಲೇ ನಿಲ್ಲುವಂತೆ ತೊಟ್ಟಿಯ ಮೇಲಿನ ದೀಪವನ್ನು ತಾನೇ ಏರಿಸಿ ಇಳಿಸುತ್ತಿತ್ತು. ಮೈದುನ ಬಲೆಗಳನ್ನೆಲ್ಲ ತೆಗೆಸಿ, "ಯಾರೂ ಮುಟ್ಟಬಾರದು" ಎಂದು ಫಲಕ ತೂಗುಹಾಕಿದ. ತೊಟ್ಟಿಯಕ್ಕ ಮೊದಲ ದಿನವೇ ಕಣ್ಣನ್ನು ಒರೆಸಲು ಹೋದಾಗ ಎಲ್ಲರೆದುರು ಗದರಿಸಿದ.

"ಮುಟ್ಟಲ್ಲ ಹೋಗು" ಎಂದಳು ಅವಳು. ಹಾಗೆಂದವಳು ಮೂರು ವಾರ ಹಠ ಹಿಡಿದಳು. ನೀರು ಬದಲಿಸಿದಳು, ಪಂಪು ತೊಳೆದಳು, ಆದರೆ ಆ ತೊಟ್ಟಿಯ ಕಡೆ ಮಾತ್ರ ಮಾತು ಬಿಟ್ಟ ಓರಗಿತ್ತಿಯಂತೆ ಮುಖ ತಿರುಗಿಸಿಕೊಂಡೇ ಓಡಾಡಿದಳು. ಇವತ್ತು ಬೆಳಿಗ್ಗೆ ಬಗ್ಗಿ ನೋಡಿದರೆ, ಕಾಫಿಪುಡಿಯ ಬಣ್ಣದ ಹವಳ ನೀರು ಹೆಚ್ಚಾದ ಚಹಾದಂತಿತ್ತು.

"ಕಣ್ಣಿನ ಮೇಲೆ ಲೋಳೆ ಕಟ್ಟಿದೆ ಕಣೋ. ಅದಕ್ಕೆ ಮಬ್ಬು ಕಾಣತ್ತೆ, ದೀಪ ಏರಿಸತ್ತೆ. ಮತ್ತೆ ಲೋಳೆ, ಮತ್ತೆ ಏರಿಸತ್ತೆ."

"ಪರದೆ ಮೇಲಿನ ಗೆರೆ ನೋಡಿ ಅತ್ತಿಗೆ! ಎಂಬತ್ತು, ಎಂಬತ್ತು, ಎಂಬತ್ತು. ಬೆಳಕು ಒಂದಿಷ್ಟೂ ಅಲ್ಲಾಡಿಲ್ಲ. ದ್ಯುತಿಸಂಶ್ಲೇಷಣೆ ಇಳೀತಿದೆ ಅಂದ್ರೆ ಏನೋ ರೋಗ. ಯಂತ್ರಕ್ಕಿಂತ ನಿಮಗೆ ಜಾಸ್ತಿ ಗೊತ್ತಾ?"

"ಯಂತ್ರಕ್ಕೆ ಮುಖ ತೊಳೆಯೋಕೆ ಬರಲ್ಲ. ನನಗೆ ಬರತ್ತೆ."

"ಮುಟ್ಟಿದ್ರೆ ನಾಳೆಯಿಂದ ಬರ್ಬೇಡಿ!"

ಅವಳು ಬಟ್ಟೆಯನ್ನು ಬಕೆಟ್ಟಿಗೆ ಎಸೆದು ಮನೆಗೆ ಬಂದಳು. ಗಂಡನಿಗೆ ತಟ್ಟೆಯಲ್ಲಿ ಅನ್ನ ಬಡಿಸಿದಳು. ಬಡಿಸಿದ ಸದ್ದಿನಲ್ಲೇ ಜಗಳವಾಗಿದೆ ಎಂದು ಅವನಿಗೆ ತಿಳಿಯಿತು. ಒಂದು ಕಿವಿಯೇ ಸಾಕಾಯಿತು. ಉಳಿದದ್ದನ್ನು ಅವಳೇ ಹೇಳಿದಳು.

"ಅವನು ನನ್ನ ತಮ್ಮ. ಮೂರು ವಾರದ ಕೆಲಸ ಸುಳ್ಳು ಅಂದ್ರೆ ತಲೆ ಎತ್ಕೊಂಡು ತಿರುಗೋಕಾಗತ್ತಾ? ನೀನು ಸ್ವಲ್ಪ ಬಿಟ್ಟುಕೊಡು."

"ನಾಡಿದ್ದಿನವರೆಗೆ ಬಿಟ್ಟುಕೊಡಲಾ?"

"ಎಷ್ಟು ಬಿಳಿಚಿದೆ?"

"ಇವತ್ತು ಚಹಾ. ನಾಡಿದ್ದಿಗೆ ಹಾಲು."

ಗಂಡನ ಕೈ ತಟ್ಟೆಯಲ್ಲೇ ನಿಂತಿತು. "ಹಾಗಿದ್ರೆ ಇಲ್ಲಿ ನಿಂತು ನಂಗೆ ಅನ್ನ ಯಾಕೆ ಬಡಿಸ್ತಿದೀಯ? ನನಗೇನು ಕೈ ಇಲ್ವಾ?"

ತೊಟ್ಟಿಯಕ್ಕ ಮತ್ತೆ ಕೇಂದ್ರಕ್ಕೆ ಹೋದಾಗ ಮೈದುನ ಮೇಜಿನ ಮುಂದೆಯೇ ಇದ್ದ. ಅವಳು ರವಿಕೆಯ ತೋಳನ್ನು ಮೇಲಕ್ಕೆ ಮಡಚಿದಳು.

"ಕದ್ದು ಒರೆಸಲ್ಲ. ನಿನ್ನ ಎದುರಿಗೇ ಒರೆಸ್ತೀನಿ. ಪರದೆ ನೋಡ್ತಾ ಇರು."

ಅವನು ಏಳುವಷ್ಟರಲ್ಲಿ ಕೈಯನ್ನು ಮೊಣಕೈವರೆಗೆ ನೀರಿಗಿಳಿಸಿ ಕಣ್ಣನ್ನು ಒಂದು ಸುತ್ತು ಒರೆಸಿದಳು. ಪರದೆಯ ಎಂಬತ್ತು ಕಣ್ಣುಮಿಟುಕಿಸುವಷ್ಟರಲ್ಲಿ ಇನ್ನೂರ ಹದಿನೈದಾಯಿತು. ಬಟ್ಟೆಯ ಮೇಲೆ ಹಸಿರು ಲೋಳೆ ಹೆಬ್ಬೆರಳಗಲ.

ಮೈದುನ ಪರದೆಗೆ ಬಗ್ಗಿ ಆ ಅಂಕಿಯನ್ನು ಮತ್ತೊಮ್ಮೆ ಓದಿದ. ಅವಳು ಕಾಯಲಿಲ್ಲ. ಯಂತ್ರದ ಗುಂಡಿ ಆರಿಸಿದಳು, ದೀಪವನ್ನು ಕೈಯಿಂದ ಇಳಿಸಿದಳು, ಮೂಲೆಯಲ್ಲಿದ್ದ ಬಲೆಗಳನ್ನು ಕೊಡವಿ ಎರಡು ಪದರ ಎಳೆದಳು. ಬಳಲಿದ ಹವಳಕ್ಕೆ ಎಂಬತ್ತೂ ಹೆಚ್ಚು.

"ಅತ್ತಿಗೆ, ಎರಡೇ ದಿನ" ಎಂದ ಮೈದುನ. ದನಿ ಇಳಿದಿತ್ತು. "ದೀಪ ಹಿಂದಿನ ಹಾಗೇ ಇರ್ಲಿ. ವರದಿ ಹೋಗೋವರೆಗೆ ಏನೂ ಬದಲಾಯಿಸೋದು ಬೇಡ. ಆಮೇಲೆ ನೀವು ಹೇಳಿದ ಹಾಗೆ."

"ಎರಡು ದಿನ ತಡೆಯಲ್ಲ ಅವು."

"ನನ್ನ ಹೆಸರು ಹೋಗತ್ತೆ."

"ಹೋಗ್ಲಿ. ನನ್ನದೂ ಹೋಗ್ಲಿ." ಅವಳು ದಿನಚರಿ ಪುಸ್ತಕ ತೆರೆದು, ಬಾಯಲ್ಲಿ ಗಟ್ಟಿಯಾಗಿ ಹೇಳುತ್ತಲೇ ಬರೆದಳು: "ಕಣ್ಣನ್ನು ಮೂರು ವಾರ ಒರೆಸಿಲ್ಲ. ಬೆಳಕು ಹೆಚ್ಚಾಗಿ ಹವಳ ಬಿಳಿಚಿದೆ. ಮುಟ್ಟಬೇಡಿ ಎಂದವರ ತಪ್ಪು ಅರ್ಧ. ಸಿಟ್ಟು ಮಾಡಿಕೊಂಡು ನೋಡದೆ ಇದ್ದವಳ ತಪ್ಪು ಅರ್ಧ."

"ಆ ಹಾಳೆ ಹರೀರಿ."

"ಹರಿಯಲ್ಲ."

"ಹನ್ನೊಂದನೇ ವಯಸ್ಸಿಂದ ನಿಮ್ಮ ಕೈ ಅನ್ನ ತಿಂದಿದೀನಿ. ಇದೊಂದನ್ನೇ ಕೇಳ್ತಿದೀನಿ."

ಇದು ಅವಳಿಗೆ ನಾಟಿತು. ಪೆನ್ನಿನ ಮುಚ್ಚಳ ಹಾಕಿದಳು. "ಅನ್ನ ಇವತ್ತೂ ಇದೆ, ನಾಳೆಯೂ ಇರತ್ತೆ, ಬಾ. ಹಾಳೆ ಮಾತ್ರ ಹರಿಯಲ್ಲ."

ಮೈದುನ ಕನ್ನಡಕ ತೆಗೆದು ಜೇಬಿಗಿಟ್ಟ, ಬೀಗದ ಕೈಗೊಂಚಲನ್ನು ಮೇಜಿನ ಮೇಲೆ ಬಿಟ್ಟ, ಬಾಗಿಲು ತೆರೆದುಕೊಂಡು ಹೊರಟುಹೋದ. ಬಡಿದು ಹೋಗಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು. ಅವನು ಮೆಲ್ಲಗೆ ಮುಚ್ಚಿದ.

ಅವನು ದಿನಾ ತಾನೇ ಮಾಡುತ್ತಿದ್ದ ಸಂಜೆಯ ಅಳತೆಗೆ ಬಂದೇ ಬರುತ್ತಾನೆ ಎಂದುಕೊಂಡಳು. ಐದು ಗಂಟೆಯಾಯಿತು. ಅವನೇ ಹೇಳಿಕೊಟ್ಟಿದ್ದಂತೆ ಹವಳಗಳ ಮೇಲೆ ಕಪ್ಪು ಬಟ್ಟೆ ಮುಚ್ಚಿ, ಪಾಚಿ ವಿಶ್ರಾಂತಿ ಪಡೆಯಲು ಇಪ್ಪತ್ತು ನಿಮಿಷ ಬಿಟ್ಟು, ಪಾಚಿಯ ಕಸುವು ಅಳೆಯುವ ಕಡ್ಡಿಯನ್ನು ಒಂದೊಂದಕ್ಕೂ ಹಿಡಿದಳು. ಸರಾಸರಿ ಅರವತ್ತೆಂಟು ಇರಬೇಕಾದಲ್ಲಿ ನಲವತ್ತೇಳು. ಬರೆದಳು. ಮರುದಿನವೂ ನಲವತ್ತೇಳು. ಆರು ತುಂಡು ಪೂರ್ತಿ ಬೆಳ್ಳಗಾದವು, ಅವನ್ನೂ ಬರೆದಳು. ನಾಲ್ಕನೇ ದಿನ ಉಳಿದ ಮೂವತ್ತನಾಲ್ಕು ಐವತ್ತೊಂದಕ್ಕೆ ಬಂದವು. ಪಂಪಿನವನು "ಸಾಹೇಬರು ರಾಜೀನಾಮೆ ಕಳಿಸಿದಾರಂತೆ ಅಕ್ಕ" ಎಂದಾಗ ಅವಳು, "ನೀರಿನ ಉಪ್ಪು ನೋಡಿದ್ಯಾ ಮೊದಲು ಅದು ಹೇಳು" ಎಂದು ಗದರಿದಳು.

ಭಾನುವಾರ ಮನೆಯಲ್ಲಿ ಎಂದಿನಂತೆ ಮೈದುನನದೂ ಸೇರಿ ಮೂರು ತಟ್ಟೆ ಹಾಕಿದಳು. ಗಂಡ ಒಳ್ಳೆಯ ಕಿವಿಯನ್ನು ಬಾಗಿಲ ಕಡೆ ಮಾಡಿಕೊಂಡು ಕೂತ. ಎರಡು ಗಂಟೆಯವರೆಗೆ ಕಾದು ಇಬ್ಬರೂ ಉಂಡರು. ಮೈದುನ ಆ ಭಾನುವಾರ ಬರಲಿಲ್ಲ, ಆಮೇಲೆಯೂ ಬರಲಿಲ್ಲ.