ಎದೆಯಲ್ಲಿ ಹತ್ತಿ ಧೂಳು

ಕರಿಬಸವರಾಜನ ಎದೆಯಲ್ಲಿ ಏನಿದೆ ಎಂಬುದು ದಾವಣಗೆರೆ ಎಸ್.ಎಸ್. ಬಡಾವಣೆಯ ಆ ಮನೆಯ ಹಿರಿಯರಿಗೆಲ್ಲ ಗೊತ್ತಿತ್ತು, ಕರಿಬಸವರಾಜನೊಬ್ಬನನ್ನು ಬಿಟ್ಟು. ಅವನಿಗೆ ಹೇಳಿದ್ದು ಹತ್ತಿ ಧೂಳು ಅಂತ. ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲೇ ಕೂದಲು ನರೆಸಿಕೊಂಡ ಮನುಷ್ಯ, ಮರುಮಾತಿಲ್ಲದೆ ನಂಬಿದ. ನಂಬಿದ್ದು ಸಾಲದೆಂದು, ಧೂಳು ಹೇಗೆ ಒಳಗಿಳಿದು ಕೂರುತ್ತದೆ ಎಂದು ಬಂದವರಿಗೆಲ್ಲ ಕೆಮ್ಮುತ್ತಲೇ ಪಾಠ ಹೇಳಿದ. ಅವನ ಬಾಯಿ ಅಂಥದ್ದು. ಬೆಳಿಗ್ಗೆ ಅವನ ಕಿವಿಗೆ ಬಿದ್ದದ್ದು ಮಧ್ಯಾಹ್ನದೊಳಗೆ ಹರಿಹರ ಮುಟ್ಟುತ್ತಿತ್ತು.

ಹರಿಹರ ಮುಟ್ಟಬಾರದು ಎನ್ನುವುದೇ ಎಲ್ಲರ ಚಿಂತೆಯಾಗಿತ್ತು. ಮಗಳು ವಾಣಿಯನ್ನು ಅಲ್ಲಿನ ಕೊಟ್ಟೂರೇಶಪ್ಪನವರ ಮಗನಿಗೆ ಕೊಡುವ ಮಾತು ನಡೆದಿತ್ತು.

ಹೆಂಡತಿ ಕಸ್ತೂರಮ್ಮ ಕೈಕಟ್ಟಿ ಕೂತವಳಲ್ಲ, ಅದನ್ನು ಒಪ್ಪಲೇಬೇಕು. ಸೀರೆ ಅಂಗಡಿಯ ಚೀಲದಲ್ಲಿ ಎಕ್ಸ್‌ರೇ ಇಟ್ಟುಕೊಂಡು, ಸೀರೆಗೆ ಫಾಲ್ಸ್ ಹಾಕಿಸುವ ನೆಪ ಹೇಳಿ, ದಾವಣಗೆರೆಯ ಡಾಕ್ಟರುಗಳ ಬಾಗಿಲನ್ನು ಒಂದೊಂದಾಗಿ ತಟ್ಟಿದಳು. ಆಪರೇಷನ್ ಮಾಡುವ ಹಂತ ದಾಟಿದೆ ಎಂದರು ಎಲ್ಲರೂ. ಕೊನೆಗೆ ಒಬ್ಬರು ಡಾಕ್ಟರ್ ಶಹರ್ಬಾನು ಅವರ ಹೆಸರು ಹೇಳಿದರು. ಶ್ವಾಸಕೋಶದ ಕ್ಯಾನ್ಸರಿಗೆ ಬಂದಿರುವ ಹೊಸ ಔಷಧಿಯೊಂದನ್ನು ಆಕೆ ಬೆಂಗಳೂರಿನವರ ಜತೆ ಸೇರಿ ಪ್ರಯೋಗ ಮಾಡಿ ನೋಡುತ್ತಿದ್ದರು.

“ಕೆಲವರಿಗೆ ಗಡ್ಡೆ ಕರಗೈತೆ, ಕೆಲವರಿಗೆ ಇಲ್ಲ. ನಾನು ಮಾತು ಕೊಡಾಕೆ ಆಗಲ್ಲಮ್ಮ,” ಎಂದರು ಆಕೆ. “ಒಂದೇ ಜಾಗ ಉಳಿದೈತೆ. ಶನಿವಾರ ಕರ್ಕಂಡು ಬರ್ರಿ. ಆದ್ರೆ ತಮಗೇನಾಗೈತೆ ಅಂತ ಅವರಿಗೆ ಗೊತ್ತಿರಬೇಕು. ಗೊತ್ತಿದ್ದೇ ಸಹಿ ಹಾಕಬೇಕು.”

ಮನೆಯಲ್ಲಿ ಗಂಡನ ಅಣ್ಣ ಪರಮೇಶ್ವರಪ್ಪನದೇ ಕೊನೆಯ ಮಾತು.

“ಶನಿವಾರ ಕಳೆದು ಗುರುವಾರ ನಿಶ್ಚಿತಾರ್ಥ ಐತೆ,” ಎಂದ ಅವನು. “ಇವನಿಗೆ ಹೇಳಿದ್ರೆ ಬೀಗರಿಗೆ ಇವನೇ ಫೋನ್ ಮಾಡ್ತಾನೆ. ಕ್ಯಾನ್ಸರ್ ಇರೋ ಮನೆ ಹೆಣ್ಣು ಯಾರು ತಗಂತಾರೆ?”

“ಅವರ ಜೀವ, ಭಾವ...”

“ಸಹಿ ತಾನೇ ಬೇಕಾಗಿರೋದು? ಎಲ್ಲಿ ಅಂದ್ರೆ ಅಲ್ಲಿ ಹಾಕ್ತಾನೆ. ಧೂಳಿಗೆ ಔಷಧಿ ಅಂತ ಹೇಳಿ ಕರ್ಕಂಡು ಹೋಗು.”

ಎಂಥ ಬುದ್ಧಿವಂತಿಕೆ! ಕಸ್ತೂರಮ್ಮನಿಗೂ ಅದು ಹಿಡಿಸಿತು. ಗಂಡನೂ ಉಳಿಯಲಿ, ಸಂಬಂಧವೂ ಉಳಿಯಲಿ ಎಂಬ ಆಸೆ.

ಶನಿವಾರ ಡಾಕ್ಟರ್ ಒಪ್ಪಿಗೆಯ ಕಾಗದ ಮುಂದಿಟ್ಟು, ಪೆನ್ನು ಕೊಡುವ ಮೊದಲೇ ಕೇಳಿಬಿಟ್ಟರು: “ನಿಮಗೇನಾಗೈತೆ, ಗೊತ್ತಾ?”

“ಹತ್ತಿ ಧೂಳು, ಡಾಕ್ಟ್ರಮ್ಮ!” ಎಂದು ಕರಿಬಸವರಾಜ ತನ್ನ ಪಾಠ ಶುರುಮಾಡಿದ.

ಆಕೆ ತಡೆದರು. “ಬ್ಯಾರೆ ಏನಾರ ಇದ್ರೆ? ಪೂರ್ತಿ ತಿಳ್ಕಳಾಕೆ ನಿಮಗೆ ಇಷ್ಟ ಐತಾ?”

“ಅದೆಲ್ಲ ಇವಳಿಗೆ ಹೇಳಿದ್ರೆ ಮುಗೀತು ಬಿಡ್ರಿ. ನನ್ನ ಹತ್ರ ಇವಳು ಯಾವತ್ತೂ ಏನೂ ಮುಚ್ಚಿಟ್ಟಿಲ್ಲ. ಇವಳೇನಂತಾಳೋ ಅದೇ.”

ಡಾಕ್ಟರ್ ಕಸ್ತೂರಮ್ಮನ ಕಡೆ ತಿರುಗಿ ಕಾದರು. ಒಂದು ಮಾತು ಸಾಕಿತ್ತು. ಗಂಡನ ಮುಖ ನೋಡಿದರೆ ಎಲ್ಲಿ ಹೇಳಿಬಿಡುತ್ತೇನೋ ಎಂದು ಹೆದರಿ ಅವಳು ನೆಲ ನೋಡಿದಳು.

“ಧೂಳೇ, ಡಾಕ್ಟ್ರಮ್ಮ,” ಎಂದಳು.

ಆಕೆ ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು. “ಹಂಗಾದ್ರೆ ಇಲ್ಲಿ ಸೇರಿಸ್ಕಳಾಕೆ ಬರಲ್ಲ,” ಎಂದರು. ಸೇರಿಸಿಕೊಳ್ಳುವಷ್ಟು ಕಾಯಿಲೆಯೇ ತನಗಿಲ್ಲ ಎಂದು ಕರಿಬಸವರಾಜ ದಾರಿಯುದ್ದಕ್ಕೂ ಖುಷಿಪಟ್ಟ. ಆಟೋದವನಿಗೂ ಹೇಳಿದ.

ಗುರುವಾರ ಹರಿಹರದವರು ಬಂದರು. ನಿಶ್ಚಿತಾರ್ಥದ ಶಾಸ್ತ್ರಕ್ಕೆ ಮೊದಲು, ಹೋಳಿಗೆ ತಟ್ಟೆ ಮುಂದಿದ್ದಾಗ, ಕೊಟ್ಟೂರೇಶಪ್ಪ ಗಂಟಲು ಸರಿಮಾಡಿಕೊಂಡರು.

“ಬೀಗರೇ, ಒಂದು ವಿಷಯ ಮುಚ್ಚಿಡಬಾರದು. ನನ್ನ ತಮ್ಮನಿಗೆ ಶ್ವಾಸಕೋಶದ ಕ್ಯಾನ್ಸರ್ ಐತೆ. ಅದು ಕೇಳಿ ನೀವು ಬ್ಯಾಡ ಅಂದ್ರೂ ನಮಗೆ ಬೇಜಾರಿಲ್ಲ.”

ಪರಮೇಶ್ವರಪ್ಪ ಬಾಯಲ್ಲಿದ್ದ ಹೋಳಿಗೆ ಅಗಿಯುವುದನ್ನೇ ಮರೆತ.

“ಕಾಯಿಲೆ ಯಾರಿಗೆ ಬರಲ್ರೀ? ಅದಕ್ಕೆಲ್ಲ ಸಂಬಂಧ ಬಿಡ್ತಾರಾ?” ಎಂದ ಕರಿಬಸವರಾಜ. “ಔಷಧಿ ಹೆಂಗೆ?”

“ನಿಮ್ಮೂರಾಗೇ ಹೊಸ ಔಷಧಿ ಪ್ರಯೋಗ ನಡೀತೈತೆ. ಜಾಗ ಇಲ್ಲ ಅಂದಿದ್ರು. ಶನಿವಾರ ಯಾರೋ ಬಿಟ್ಟು ಹೋದ್ರಂತೆ, ಸೋಮವಾರ ನಮ್ಮವನನ್ನ ಕರೆಸಿದ್ರು. ಗುಣ ಆಗ್ತತೋ ಇಲ್ವೋ, ಒಂದು ದಾರಿ ಅಂತೂ ಸಿಕ್ತು.”

“ಯಾವ ಪುಣ್ಯಾತ್ಮ ಬಿಟ್ಟುಕೊಟ್ಟನೋ! ಅವನ ಹೊಟ್ಟೆ ತಣ್ಣಗಿರಲಿ,” ಎಂದು ಕರಿಬಸವರಾಜ ಎರಡೂ ಕೈ ಎತ್ತಿ ಮುಗಿದ. ಮುಗಿಯುತ್ತಲೇ ಕೆಮ್ಮು ಬಂತು. ಹೋಳಿಗೆ ಬಡಿಸುತ್ತಿದ್ದ ಕಸ್ತೂರಮ್ಮ ನೀರಿನ ಲೋಟ ಅವನ ಮುಂದಿಟ್ಟಳು. ತಾನು ಯಾರಿಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದಳೋ, ಅವರೇ ಆ ಕಾಯಿಲೆಯ ಹೆಸರನ್ನು ತುಂಬಿದ ಪಡಸಾಲೆಯಲ್ಲಿ ಹೇಳಿ ನೆಮ್ಮದಿಯಾಗಿ ಕೂತಿದ್ದರು.

ಕೆಮ್ಮು ನಿಂತ ಮೇಲೆ ಗಂಡ ಅವಳ ಕಡೆ ತಿರುಗಿದ.

“ಕೇಳಿಸ್ಕಂಡ್ಯಾ ಕಸ್ತೂರಿ? ನನಗೇನಾರ ಹಂಗಾಗಿದ್ರೆ ನೀನೂ ಸುಮ್ನಿರ್ತಿದ್ದಿಲ್ಲ. ಎಲ್ಲಿದ್ರೂ ಹುಡುಕಿ ಸೇರಿಸ್ತಿದ್ದೆ. ಹೌದಲ್ಲೇನೆ?”

ಬೀಗರೆಲ್ಲ ನಗುತ್ತ ಅವಳ ಕಡೆ ನೋಡಿದರು.

“ಹೂಂ ರೀ,” ಎಂದು ಕಸ್ತೂರಮ್ಮ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.