ಬಂಡೆಯ ಕೆಳಗೆ ದಾರಿ ಇದ್ದ ಹೊತ್ತು

ಹಾರನಹಳ್ಳಿಯ ಪ್ರಮೀಳಾ ಕಡಲು ನೋಡಬೇಕೆಂದು ಗಂಡನನ್ನು ಕೇಳುತ್ತಲೇ ಬಂದಿದ್ದಳು. ಪಕ್ಕದ ಹೊಲಕ್ಕೆ ಶುಂಠಿ ಕೀಳಲು ಬರುತ್ತಿದ್ದ ಕೇರಳದ ಹೆಂಗಸರು ತಮ್ಮೂರಿನ ಕಡೆಯ ಒಂದು ದಂಡೆಯ ಸುದ್ದಿ ಹೇಳಿದ್ದರು. ಅಲ್ಲಿ ಕೆಂಪು ಬಂಡೆ ಹೆಬ್ಬಾಗಿಲಿನಂತೆ ಬಾಗಿ ನಿಂತಿದೆಯಂತೆ, ಅದರ ಕೆಳಗೆ ನಡೆದು ಹೋದರೆ ಗವಿಗಳಂತೆ. ಕಡಲು ಹಿಂದೆ ಸರಿದಾಗ ಮಾತ್ರ ದಾರಿ.

ಎರಡು ಸಾವಿರದ ಒಂದನೇ ಇಸವಿಯಲ್ಲಿ, ಹೊಗೆಸೊಪ್ಪಿನ ಮಾರಾಟ ಮುಗಿದ ಮೇಲೆ, ಗಂಡ ಚೆಲುವರಾಜು ಒಪ್ಪಿದ. ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಗೊತ್ತು ಮಾಡಿದ. ಅವನ ತಾಯಿ ಚಿಕ್ಕಬೀರಮ್ಮ, ತಮ್ಮ ನಿಂಗರಾಜು, ತಮ್ಮನ ಹೆಂಡತಿ ಕಾವ್ಯಶ್ರೀ ಹೊರಟರು. ಚೆಲುವರಾಜುವಿನ ಸ್ನೇಹಿತರೂ ಇಬ್ಬರು ಹತ್ತಿಕೊಂಡರು. ಅವರ ಹಿಂದೆ ಪಾತ್ರೆ, ಅಕ್ಕಿ, ರಾಗಿಹಿಟ್ಟು, ಒಂದು ಹೊರೆ ಸೌದೆಯೂ ಹತ್ತಿತು.

ವಿರಾಜಪೇಟೆ ದಾಟಿ, ಘಾಟಿ ಇಳಿದು, ಬೆಳಗಾಗುವ ಹೊತ್ತಿಗೆ ದಂಡೆ ಮುಟ್ಟಿದರು. ನೀರು ದೂರ ಸರಿದಿತ್ತು. ಒದ್ದೆ ಮರಳಿನ ಆಚೆ ಕಮಾನು ಕಾಣುತ್ತಿತ್ತು. ಅದರೊಳಗಿಂದ ಆಕಾಶದ ಒಂದು ತುಂಡು ಕಂಡಿತು. ಪ್ರಮೀಳಾ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡಳು.

"ಮೊದ್ಲು ಒಂದೀಟು ಉಪ್ಪಿಟ್ಟು ಕೆದಕ್ಬುಡಮ್ಮಿ," ಎಂದ ಚೆಲುವರಾಜು. "ಒಟ್ಟೆ ಅಸ್ದದೆ. ತಿಂದ್ಬುಟ್ಟು ಎಲ್ಲಾ ಒಟ್ಗೇ ಓಗಾನ."

ಮೂವರು ಹೆಂಗಸರು ಕಲ್ಲು ಹೂಡಿ ಒಲೆ ಹಚ್ಚಿದರು. ಗಾಳಿಗೆ ಬೆಂಕಿ ನಿಲ್ಲಲಿಲ್ಲ. ಉಪ್ಪಿಟ್ಟು ಆಗುವಷ್ಟರಲ್ಲಿ ನಿಂಗರಾಜು ದೋಣಿಯವರ ಹತ್ತಿರ ಒಂದು ಚೀಲ ಮೀನು ಕೊಂಡು ತಂದ. "ಅತ್ಗೆ, ಇದ್ನ ಉಜ್ಜಿ ಸಾರು ಮಾಡ್ಬುಡಿ. ಮುದ್ದೆಗೆ ಚೆನ್ನಾಗಿರ್ತದೆ. ನಾವು ದಾರಿ ಎಂಗದೆ ನೋಡ್ಕಂಡ್ ಬತ್ತೀವಿ."

ದಾರಿ ನೋಡಲು ಹೋದ ಗಂಡಸರು ಕಮಾನಿನ ಕೆಳಗೆ ಮರೆಯಾದರು. ಗವಿಯೊಳಗೆ ಅವರು ಕೂಗಿ ಆಡಿದ್ದು, ನಕ್ಕಿದ್ದು ಒಲೆಯವರೆಗೂ ಕೇಳಿಸುತ್ತಿತ್ತು. ಪ್ರಮೀಳಾ ಮೀನಿನ ಹುರುಪೆ ತೆಗೆಯುತ್ತ ಕೂತಿದ್ದಳು. ಅವರು ತಿರುಗಿ ಬಂದಾಗ ಅವಳು ಮುದ್ದೆ ತೊಳಸುತ್ತಿದ್ದಳು. ಉಂಡರು, ಇನ್ನೊಂದು ಸಲ ಸಾರು ಹಾಕಿಸಿಕೊಂಡರು, ಟ್ರ್ಯಾಕ್ಸಿನ ನೆರಳಲ್ಲಿ ಮಲಗಿದರು.

ಪ್ರಮೀಳಾ ಪಾತ್ರೆ ಬೆಳಗಿ ಎದ್ದು ನೋಡಿದರೆ ಕಮಾನಿನ ಕಾಲುಗಳು ನೀರಲ್ಲಿದ್ದವು. ಅವಳು ಹತ್ತಿರ ಓಡಿದಳು. ಅಲೆಯೊಂದು ಸೊಂಟಕ್ಕೆ ಬಡಿದು ಹಿಂದಕ್ಕೆ ತಳ್ಳಿತು.

ದಂಡೆಯ ಮೇಲಿದ್ದ ಚಾದಂಗಡಿಯ ಹೆಂಗಸು ಕೂಗಿ ಕರೆದಳು. ಹುಣಸೂರಿನ ಕಡೆ ಶುಂಠಿ ಕೆಲಸಕ್ಕೆ ಬಂದು ಹೋದವಳಾದ್ದರಿಂದ ಕನ್ನಡ ಬರುತ್ತಿತ್ತು. "ಹೋಗಬೇಡ ಮೋಳೆ, ಹೋಗಬೇಡ ಮಗಳೆ. ಮತ್ತೆ ನೀರು ಇಳಿಯುವಾಗ ಕತ್ತಲು. ಇನ್ನು ನಾಳೆ ಬೆಳಿಗ್ಗೆ."

ಪ್ರಮೀಳಾ ಗಂಡನನ್ನು ಎಬ್ಬಿಸಿದಳು. ಅವನು ಕಣ್ಣುಜ್ಜಿಕೊಂಡು ಕಡಲು ನೋಡಿದ. "ಮುಚ್ಕಂತಾ? ಓಗ್ಲಿ ಬುಡು. ಒಳ್ಗೇನಿಲ್ಲ ಕಣಮ್ಮಿ, ಬರೀ ಕಲ್ಲು. ದಂಡೇಲಿ ಕಾಲು ನೆನೆಸ್ಕೊ, ಒಂಟೋಗಾನ."

"ಬರೀ ಕಲ್ಲಾದ್ರೆ ನೀವ್ಯಾಕೆ ಅಷ್ಟೊತ್ತು ಒಳ್ಗಿದ್ರಿ?"

ಅವನು ನಕ್ಕ. ಸ್ನೇಹಿತರೂ ನಕ್ಕರು. ಆ ನಗು ಕೇಳಿ ಅವಳಿಗೆ ಮೈಯೆಲ್ಲ ಉರಿದಂತಾಯಿತು. ಬರಬೇಕೆಂದು ಕೇಳಿದವಳು ಅವಳು. ಒಲೆಯ ಮುಂದೆ ಕೂರಲು ಹಾರನಹಳ್ಳಿಯೇ ಸಾಕಾಗಿತ್ತು, ಇಷ್ಟು ದೂರ ಬರಬೇಕಿರಲಿಲ್ಲ. ಕೈ ಮೂಸಿಕೊಂಡಳು. ಅವಳು ಕಡಲಿನಿಂದ ಪಡೆದದ್ದು ಮೀನಿನ ವಾಸನೆ ಒಂದೇ.

ಸಾಮಾನು ತುಂಬಿ ಎಲ್ಲರೂ ಹತ್ತಿದರು. ಪ್ರಮೀಳಾ ಹತ್ತಲಿಲ್ಲ.

"ನಾನು ನಾಳೆ ನೋಡ್ಕಂಡೇ ಬರಾದು."

"ತಲೆ ಕೆಟ್ಟದಾ ನಿಂಗೆ? ಹಸ ಕರೆಯೋರ್ಯಾರು?"

"ರೋಡಲ್ಲಿ ಎಸ್‌ಟಿಡಿ ಬೂತದೆ. ಪಕ್ಕದ್ಮನೆ ಯಶೋದಮ್ಮಂಗೆ ಫೋನ್ ಮಾಡಿ. ಇಲ್ಲಾಂದ್ರೆ ನೀವೋಗಿ ಕರೀರಿ. ನಿಮ್ಗೂ ಕೈ ಅವೆ."

ಚೆಲುವರಾಜುವಿನ ಮುಖ ಕೆಂಪಾಯಿತು. ಸ್ನೇಹಿತರ ಮುಂದೆ ಅವಳು ಹೀಗೆ ಮಾತಾಡಿದ್ದೇ ಇಲ್ಲ. "ಅವ್ವ, ನೀನಾದ್ರೂ ಯೋಳವ್ವ ಇವ್ಳಿಗೆ," ಎಂದ.

ಚಿಕ್ಕಬೀರಮ್ಮ ಟ್ರ್ಯಾಕ್ಸಿನ ಬಾಗಿಲು ಹಿಡಿದು ನಿಧಾನಕ್ಕೆ ಕೆಳಗಿಳಿದಳು. "ಏನ್ಲಾ ಯೋಳಾದು? ನಾನೇನು ನೋಡ್ದೆ? ಒಲೆ ಒಗೆ ಕುಡ್ದು ಕಣ್ಣೆಲ್ಲಾ ಊದ್ಕಂಡವೆ. ಎಲ್ಲಾ ಒಟ್ಗೇ ಓಗಾನ ಅಂದೋನು ನೀನೇ ತಾನೆ?"

ಕಾವ್ಯಶ್ರೀಯೂ ಇಳಿದಳು. ನಿಂಗರಾಜು ಅವಳ ಹೆಸರು ಹಿಡಿದು ಕರೆದ. ಅವಳು ತಿರುಗಿ ನೋಡಲಿಲ್ಲ.

ಚಾದಂಗಡಿಯ ಹೆಂಗಸು ಹಿಂದಿನ ಕೋಣೆಯಲ್ಲಿ ಚಾಪೆ ಹಾಸಿಕೊಟ್ಟಳು. ಬಿಟ್ಟು ಹೋಗುವ ಧೈರ್ಯವಿಲ್ಲದೆ ಗಂಡಸರು ಟ್ರ್ಯಾಕ್ಸಿನಲ್ಲಿಯೇ ಮಲಗಿದರು. ಸಂಜೆ ಒಲೆ ಹಚ್ಚುವವರಿರಲಿಲ್ಲ. ಬೇಕರಿ ಬನ್ನು ತಿಂದರು.

ಬೆಳಿಗ್ಗೆ ನೀರು ಇಳಿದಿತ್ತು. ಚೆಲುವರಾಜು ಮೆತ್ತಗೆ ಹತ್ತಿರ ಬಂದ. "ದಾರಿ ಜಾರ್ತದೆ, ನಾನೂ ಬತ್ತೀನಿ."

"ಬೇಡ ಬುಡಿ," ಎಂದಳು ಪ್ರಮೀಳಾ. "ಸಾಮಾನು ನೋಡ್ಕಳಿ."

ಮೂವರೂ ಕೈ ಹಿಡಿದುಕೊಂಡು ಕಮಾನಿನ ಕೆಳಗೆ ನಡೆದರು. ಬಂಡೆಯಿಂದ ತಣ್ಣನೆಯ ಹನಿಗಳು ತಲೆಯ ಮೇಲೆ ಬಿದ್ದವು. ಗವಿಯ ಗೋಡೆಗೆ ಚಿಪ್ಪುಗಳು ಒತ್ತಾಗಿ ಅಂಟಿಕೊಂಡಿದ್ದವು, ಸಣ್ಣ ಏಡಿಗಳು ಬಿರುಕಿಗೆ ಓಡಿದವು. ಒಳಗಿನ ಕೊಳದಲ್ಲಿ ಬೆಳಕು ಬಿದ್ದು ಚಾವಣಿಯ ತುಂಬ ಅಲುಗುತ್ತಿತ್ತು. ಕಾವ್ಯಶ್ರೀ ಬಾಯಿಗೆ ಕೈ ಅಡ್ಡ ಹಿಡಿದು ನಿಂತುಬಿಟ್ಟಳು. ಪ್ರಮೀಳಾಳಿಗೆ ಅಳು ಬಂತು, ಅದರ ಹಿಂದೆಯೇ ಮತ್ತೆ ಸಿಟ್ಟು ಬಂತು. ಇದನ್ನು ಕಣ್ಣಾರೆ ಕಂಡು ಬಂದವನು ಬರೀ ಕಲ್ಲು ಎಂದಿದ್ದ.

ಹೊರಗೆ ಟ್ರ್ಯಾಕ್ಸಿನ ಹಾರ್ನ್ ಕೇಳಿಸಿತು. ನಿಂತು, ಮತ್ತೆ ಕೇಳಿಸಿತು.

"ಕರೀತಾವ್ರೆ ಅತ್ತೆ," ಎಂದಳು ಕಾವ್ಯಶ್ರೀ.

ಚಿಕ್ಕಬೀರಮ್ಮ ಕೊಳದ ಅಂಚಿನ ಕಲ್ಲಿನ ಮೇಲೆ ಕೂತು ಕಾಲು ಇಳಿಬಿಟ್ಟಳು. "ಕರೀಲಿ," ಎಂದಳು. "ನೀರು ಬರಗಂಟ ಕೂತ್ಕಳಿ."