ನೀರು ಕುಡಿಯುವ ಪಾಠ

“ಇಲ್ಲಿಗೆ ಕೆಲ್ಸ ಮಾಡೋಕ್ ಬರ್ತೀಯೋ, ಉಚ್ಚೆ ಹೊಯ್ಯೋಕ್ ಬರ್ತೀಯೋ? ಮುಂಡೇದೆ, ಊಟದ ಬೆಲ್ ಆಗೋವರ್ಗೂ ಬಿಗಿ ಹಿಡ್ಕೊ!”

ಸೂಪರ್‌ವೈಸರ್ ಕೂಗಿದ್ದು ನನ್ನ ಅತ್ತಿಗೆಗೆ. ಕಕ್ಕಸಿನ ಬೀಗದ ಕೈಯನ್ನು ಕೊರಳಿಗೆ ಹಾಕಿಕೊಂಡು, ಖಜಾನೆ ಕಾಯುವವನ ಗತ್ತಿನಲ್ಲಿ ಅವನು ಓಡಾಡುತ್ತಿದ್ದ. ಅತ್ತಿಗೆ ತುಟಿ ಕಚ್ಚಿಕೊಂಡು ಮತ್ತೆ ಇಸ್ತ್ರಿಪೆಟ್ಟಿಗೆ ಹಿಡಿದಳು.

ನಮ್ಮದು ಉಡುಪು ಕಾರ್ಖಾನೆಯ ಇಸ್ತ್ರಿ ಸಾಲು. ಮೇಲೆ ಕಾದ ತಗಡು, ಮುಂದೆ ಹಬೆ, ಬೆನ್ನಿಗೆ ಮಾಲೀಕರ ಕೋಣೆಯ ಎ.ಸಿ. ಉಗುಳುವ ಬಿಸಿಗಾಳಿ. ಮೊದಲೆಲ್ಲ ಬೇಸಿಗೆಯೆಂದರೆ ಒಂದೆರಡು ತಿಂಗಳ ಕಾಟ. ಈಗೀಗ ಅದು ಬೇಗ ಬರುತ್ತದೆ, ಹೋಗುವ ಮಾತೇ ಎತ್ತುವುದಿಲ್ಲ. ಕಕ್ಕಸಿಗೆ ಬಿಡುವುದಿಲ್ಲವೆಂದು ನಾವು ನೀರೇ ಮುಟ್ಟುತ್ತಿರಲಿಲ್ಲ. ಅತ್ತಿಗೆಗೆ ಉರಿಮೂತ್ರ, ಮೂತ್ರಪಿಂಡ ಸೊರಗುತ್ತಿದೆ ಎಂದು ಆಸ್ಪತ್ರೆಯಲ್ಲಿ ಹೇಳಿದ್ದರು. ಹೋದ ಬೇಸಿಗೆಯಲ್ಲಿ ನಮ್ಮ ಸಾಲಿನ ಹಿರಿಯಳೊಬ್ಬಳು ಅಂಗಿಯ ಮೇಲೇ ಕುಸಿದು ಬಿದ್ದವಳು ಮತ್ತೆ ಏಳಲಿಲ್ಲ. ಸೂಪರ್‌ವೈಸರ್ ಮೊದಲು ಎತ್ತಿ ನೋಡಿದ್ದು ಅಂಗಿಯನ್ನು, ಸುಟ್ಟಿದೆಯೋ ಎಂದು.

ಅತ್ತಿಗೆ ಬೈಸಿಕೊಂಡ ಮರುದಿನವೇ ಬಟ್ಟೆ ಕೊಳ್ಳುವ ಕಂಪನಿಯವರು ಬಂದರು. ಅವರ ಕಣ್ಣಿಗೆ ಚೆನ್ನಾಗಿ ಕಾಣಲೆಂದು ಮಾಲೀಕರು ಡಾಕ್ಟರಮ್ಮನೊಬ್ಬಳನ್ನು ಕರೆಸಿ, ಭೂಮಿ ಬಿಸಿಯಾಗುತ್ತಿರುವ ಬಗ್ಗೆ ನಮಗೆ ಭಾಷಣ ಇಟ್ಟಿದ್ದರು. ಪಾಪ, ಆಕೆ ಮನಸ್ಸಿಟ್ಟು ಹೇಳಿದಳು. ಕಲ್ಲಿದ್ದಲು, ಎಣ್ಣೆ ಸುಟ್ಟ ಹೊಗೆ ಭೂಮಿಗೆ ಕಂಬಳಿ ಹೊದಿಸಿದಂತಾಗಿದೆ. ಸೆಕೆ ಇನ್ನೂ ಏರುತ್ತದೆ. ಬೆವರಿ ಬೆವರಿ ಮೈಯ ನೀರು ಬತ್ತಿದರೆ ಮೂತ್ರಪಿಂಡ ಕೆಡುತ್ತದೆ.

“ಆಗಾಗ ನೀರು ಕುಡೀತಾನೇ ಇರ್ಬೇಕು. ಒಂದಕ್ಕೆ ಬಂದ್ರೆ ತಡ್ಕೋಬಾರ್ದು.”

ಮಾಲೀಕರು ಫೋಟೊದವನ ಕ್ಯಾಮೆರಾದ ಕಡೆ ತಿರುಗಿದರು. “ಕುಡೀರಮ್ಮಾ, ಧಾರಾಳವಾಗಿ ಕುಡೀರಿ. ನೀವೆಲ್ಲ ನಮ್ ಮನೆಯೋರೇ ಅಲ್ವಾ?”

ಅತ್ತಿಗೆ ನನ್ನ ಪಕ್ಕೆ ತಿವಿದಳು. “ಮನೆಯೋರಂತೆ. ಕೇಳಿಸ್ತೇನೇ?”

“ಕೇಳಿಸ್ತು ಅತ್ಗೆ.”

“ಹಂಗಾದ್ರೆ ಕುಡಿ. ಹಿಂದಿನೋರಿಗೂ ಹೇಳು.”

ಕುಡಿದೆವು. ಲೋಟದ ಮೇಲೆ ಲೋಟ, ಹೊಟ್ಟೆ ಕುಲುಕಾಡುವಷ್ಟು. ಫೋಟೊದವನಿಗೆ ಖುಷಿಯೋ ಖುಷಿ. ಸೂಪರ್‌ವೈಸರನ ಮುಖ ಮಾತ್ರ ಇಳಿಯುತ್ತಾ ಬಂತು. “ಸಾಕು ಕಣ್ರೇ, ಸಾಕು!” ಎಂದು ಹಲ್ಲು ಕಡಿದ.

ಅತ್ತಿಗೆ ದನಿ ಎತ್ತರಿಸಿದಳು. “ಡಾಕ್ಟ್ರಮ್ಮಾ, ಇವ್ರು ಸಾಕು ಅಂತಾರೆ. ನಿಲ್ಲಿಸ್ಬೇಕಾ?”

“ಅಯ್ಯೋ, ಬೇಡ. ಕುಡೀರಿ!”

ಭಾಷಣ ಮುಗಿದು ಅತಿಥಿಗಳು ಮಾಲೀಕರ ಕೋಣೆಗೆ ಹೋದರು, ನಾವು ಇಸ್ತ್ರಿಗೆ. ಸ್ವಲ್ಪ ಹೊತ್ತಿಗೆಲ್ಲ ಸಾಲಿನ ಉದ್ದಕ್ಕೂ ಕಾಲುಗಳು ಕುಣಿಯತೊಡಗಿದವು. ಅತ್ತಿಗೆ ಬೀಗದ ಕೈ ಕೇಳಿದಳು.

“ಊಟದ ಬೆಲ್ ಆಗ್ಲಿ, ಲೌಡಿ!”

ಅತ್ತಿಗೆ ಇಸ್ತ್ರಿಪೆಟ್ಟಿಗೆ ಆರಿಸಿಟ್ಟಳು. ನೇರ ಮಾಲೀಕರ ಕೋಣೆಗೆ ನಡೆದು ಬಾಗಿಲು ತಳ್ಳಿದಳು. ಹಿಂದೆಯೇ ನಾನು, ನನ್ನ ಹಿಂದೆ ಇಡೀ ಸಾಲು. ತಣ್ಣನೆಯ ಗಾಳಿ ಮುಖಕ್ಕೆ ಹೊಡೆಯಿತು.

“ಏಯ್, ಏನಿದು? ಯಾರು ಒಳಗ್ ಬಿಟ್ಟಿದ್ದು?”

“ಮನೆಯೋರು ಅಂದ್ರಲ್ಲ ಯಜಮಾನ್ರೇ. ಕಕ್ಕಸು ಯಾವ್ ಕಡೆ ಅಂತ ತೋರಿಸ್ಬಿಡಿ, ಇಲ್ದಿದ್ರೆ ನಿಮ್ ರತ್ನಗಂಬಳಿ ನೆನೆಯುತ್ತೆ.”

ಕಂಪನಿಯವರು ಮುಖ ಮುಖ ನೋಡಿಕೊಂಡರು. “ಕಾರ್ಮಿಕರಿಗೆ ಬೇರೆ ಕಕ್ಕಸಿಲ್ವಾ?” ಎಂದು ಡಾಕ್ಟರಮ್ಮ ಕೇಳಿದಳು. ಬಾಗಿಲಲ್ಲಿದ್ದ ಸೂಪರ್‌ವೈಸರ್ ಮೆಲ್ಲಗೆ ಬೀಗದ ಕೈಯನ್ನು ಅಂಗಿಯೊಳಗೆ ಇಳಿಬಿಟ್ಟ.

ಮಾಲೀಕರು ಹುಸಿನಗೆ ನಕ್ಕರು. “ಹೋಗಮ್ಮಾ, ಬೇಗ ಮುಗ್ಸು.”

“ಬೇಗ ಆಗಲ್ಲ ಸ್ವಾಮಿ. ಸುಮಾರು ವರ್ಷದ್ದಿದೆ.”

ನಮಗೆ ನಗು ತಡೆಯಲಾಗಲಿಲ್ಲ. ಒಬ್ಬೊಬ್ಬರೇ ಹೋಗಿ ಬಂದೆವು. ಕಾಯುವವರು ಸೋಫಾದಲ್ಲಿ, ನೆಲದಲ್ಲಿ, ಮಾಲೀಕರ ಕುರ್ಚಿಯ ಕೈಯ ಮೇಲೂ ಕೂತರು. ಹೊರಗೆ ಬಂದ ಅತ್ತಿಗೆಯೂ ಸೋಫಾದಲ್ಲಿ ಕಾಲು ಚಾಚಿದಳು.

“ಆಯ್ತಲ್ಲ? ಇನ್ನು ಕೆಲ್ಸಕ್ಕೆ ನಡಿ,” ಎಂದರು ಮಾಲೀಕರು. ಅವರ ಹುಸಿನಗು ಮಾಯವಾಗಿತ್ತು. ನಾಳೆ ಕೆಲಸ ಇಲ್ಲವೆಂದು ಗೇಟಿನಲ್ಲಿ ಯಾರನ್ನು ತಡೆಯುತ್ತಾರೆಂದು ನಮಗೆಲ್ಲ ತಿಳಿದುಹೋಯಿತು. ಅತ್ತಿಗೆಗೂ.

“ಕೊನೇಯೋಳು ಮುಗ್ಸೋ ಹೊತ್ತಿಗೆ ನಂಗೆ ಮತ್ತೆ ಬರುತ್ತೆ ಯಜಮಾನ್ರೇ. ಸುಮ್ನೆ ಯಾಕೆ ಓಡಾಡೋದು?” ಎಂದ ಅವಳು, ಅವರ ಮೇಜಿನ ಮೇಲಿದ್ದ ಗಾಜಿನ ಹೂಜಿಯನ್ನು ಎಳೆದುಕೊಂಡು, ಬಾಯಿಗೇ ಎತ್ತಿ ಗಟಗಟನೆ ಕುಡಿಯತೊಡಗಿದಳು.